ಸಭೆ ಅಂದ್ರೆ ಯಾವ ಪಕ್ಷದ್ದು?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕೆಲಸ, ಓಡಾಟ, ಅದರ ಮೇಲೆ ಹುಟ್ಟಾ ಸೋಮಾರಿತನ. ಈ ಸಲ ಬರೆಯಹೊರಟಿರುವುದು ಇದುವರೆಗೆ ನಾನು ಮುಟ್ಟದ ವಿಷಯ. ನಮ್ಮ ಹಳ್ಳಿಗಳ ಕಡೆ ಇರುವ ಪುಟ್ಟ ಪುಟ್ಟ ಚರ್ಚುಗಳು ಸುತ್ತಲಿನ ಊರಿನ ಜೊತೆ ಹೇಗೆ ಮಾತಾಡುತ್ತವೆ, ಅಥವಾ ಯಾಕೆ ಮಾತಾಡುವುದಿಲ್ಲ ಅನ್ನೋದು. ನಾನು ಕ್ರೈಸ್ತನಲ್ಲ, ಆ ವಿಷಯದಲ್ಲಿ ಪಂಡಿತನೂ ಅಲ್ಲ. ನಮ್ಮದು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು. ಜಿಲ್ಲೆ ಯಾವುದು ಅಂತ ಕೇಳಿದರೆ ಬಾಯಿಗೆ ಇನ್ನೂ ರಾಮನಗರ ಅಂತಲೇ ಬರುತ್ತೆ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿದ್ದಾರೆ, ನಾಲಿಗೆ ಹೊಂದಿಕೊಳ್ಳೋಕೆ ಇನ್ನೊಂದಷ್ಟು ವರ್ಷ ಬೇಕು.

ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನೊಬ್ಬ ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ಮಾಡ್ತಾನೆ. ಮರ ಕಡೆದು ಅರಗಿನ ಬಣ್ಣ ಹಿಡಿಸುವ ಕೆಲಸ. ಅವನ ಮನೆಯವರು ಒಂದು ಸಣ್ಣ ಚರ್ಚಿಗೆ ಹೋಗುತ್ತಾರೆ. ಯಾವ ಊರು, ಯಾವ ಪಂಗಡ ಅಂತ ಹೇಳುವುದಿಲ್ಲ, ಹೇಳಿದರೆ ಮೂವತ್ತು ಜನರಲ್ಲಿ ಯಾರ್ಯಾರು ಅಂತ ಗೊತ್ತಾಗಿಬಿಡುತ್ತೆ. ನಮ್ಮೂರಿನಿಂದ ಹೊಲದ ದಾರಿಯಲ್ಲಿ ನಡೆದೇ ಹೋಗಬಹುದು. ಶೀಟಿನ ಮಾಡು, ಸುಣ್ಣ ಬಳಿದ ಗೋಡೆ, ಬಾಗಿಲ ಮೇಲೊಂದು ಶಿಲುಬೆ. ಭಾನುವಾರ ಹೊರಗೆ ಚಪ್ಪಲಿ ಸಾಲು ನೋಡಿದರೆ ಒಳಗೆ ಎಷ್ಟು ಜನ ಇದ್ದಾರೆ ಅಂತ ಎಣಿಸಬಹುದು.

ಹೋದ ವರ್ಷ ಡಿಸೆಂಬರಿಗೆ ಮುಂಚೆ ಆ ಗೆಳೆಯ ಫೋನ್ ಮಾಡಿದ್ದ. "ನೀನು ಕನ್ನಡದಲ್ಲಿ ಬರೀತೀಯಲ್ಲ, ನಮ್ಮ ಪಾಸ್ಟರ್ ಒಂದು ಕರಪತ್ರ ಮಾಡಿದ್ದಾರೆ, ತಿದ್ದಿಕೊಡು. ಊರಿನವರಿಗೆಲ್ಲ ಹಂಚಬೇಕು. ನಮ್ಮ ಬಗ್ಗೆ ಏನೇನೋ ಮಾತಾಡ್ತಾರೆ, ತಿಳಿಸಿ ಹೇಳಬೇಕು" ಅಂದ. ವಾರದ ಕೊನೆಗೆ ಊರಿಗೆ ಹೋದಾಗ ನೋಡಿದೆ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೆ ಅದು ಯಾರಿಗೆ ಬರೆದದ್ದು ಅಂತ ನನಗೆ ತಿಳಿಯಲಿಲ್ಲ. ಸಭೆಗೆ ಬನ್ನಿ, ಸಾಕ್ಷಿ ಕೇಳಿ, ಸುವಾರ್ತೆಯ ಕೂಟ, ವಿಮೋಚನೆ, ಅಭಿಷೇಕ, ಸಭಾಪಾಲಕರು... ಒಂದೊಂದೂ ಒಳ್ಳೆಯ ಕನ್ನಡ ಪದವೇ. ಆದರೆ ನಮ್ಮೂರಿನಲ್ಲಿ ಸಭೆ ಅಂದ್ರೆ ಗ್ರಾಮಸಭೆ, ಇಲ್ಲಾಂದ್ರೆ ಪಕ್ಷದ ಸಭೆ. ನಾನು ಅಂಗಡಿ ಹತ್ತಿರ ಕೂತಿದ್ದ ಒಬ್ಬರಿಗೆ ಆ ಚೀಟಿ ತೋರಿಸಿದ್ದಕ್ಕೆ ಅವರು ಕೇಳಿದ ಮೊದಲ ಪ್ರಶ್ನೆ, "ಸಭೆನಾ? ಯಾವ ಪಕ್ಷದ್ದು?" :) ಸಾಕ್ಷಿ ಅಂದ್ರೆ ಕೋರ್ಟು ಕಚೇರಿ ನೆನಪಾಗುತ್ತೆ, ಸಾಕ್ಷಿ ಹೇಳೋದಕ್ಕೆ ಯಾರೂ ಮುಂದೆ ಬರಲ್ಲ. ಅಭಿಷೇಕ ಅಂದ್ರೆ ಹಾಲು, ಮೊಸರು, ಜೇನುತುಪ್ಪ. ಚರ್ಚಿನ ಒಳಗೆ ನೂರೈವತ್ತು ಇನ್ನೂರು ವರ್ಷ ಬಳಸಿ ನುಣುಪಾದ ಮಾತುಗಳು ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ಬೇರೆ ಅರ್ಥ ಉಟ್ಟುಕೊಂಡು ನಿಲ್ಲುತ್ತವೆ.

ಪಾಸ್ಟರ್ ಸಣ್ಣ ವಯಸ್ಸಿನವರು, ತುಂಬಾ ಸಂಕೋಚದ ಮನುಷ್ಯ. "ಊರಿನವರಿಗೆ ನಿಮ್ಮ ಬಗ್ಗೆ ಏನು ತಿಳಿಯಬೇಕಾಗಿದೆ ಅಂತ ಯಾರನ್ನಾದರೂ ಕೇಳಿದ್ದೀರಾ?" ಅಂದೆ. ಇಲ್ಲ ಅಂದರು. ಸರಿ, ನಾನೇ ಮನೆಗೆ ಬಂದು ಅವ್ವನನ್ನ ಕೇಳಿದೆ. ಅವ್ವ ರಾಗಿ ಕೇರುತ್ತಾ ಕೂತಿತ್ತು. ಮೊರ ನಿಲ್ಲಿಸದೆ ಒಂದಾದ ಮೇಲೊಂದು ಪ್ರಶ್ನೆ ಬಂತು. "ಬಾಗ್ಲಾಕ್ಕಂಡು ಒಳ್ಗೆ ಏನ್ ಮಾಡ್ತರಂತೆ? ಅಳೋ ಸದ್ದು ಬತ್ತದಲ್ಲ, ಯಾಕೆ? ಸತ್ರೆ ಎಲ್ಲಿ ಮಣ್ಣು ಮಾಡ್ತರೆ? ನಮ್ಮನೇಲಿ ಸಾವಾದ್ರೆ ಬತ್ತರಾ? ಮಾರಮ್ಮನ ಹಬ್ಬಕ್ಕೆ ತಂಬಿಟ್ಟು ಕೊಟ್ರೆ ತಿಂತರಾ, ಬ್ಯಾಡ ಅಂತರಾ? ದುಡ್ಡು ಯಾರು ಕೊಡ್ತರೆ ಅವ್ರಿಗೆ?" ಕೊನೆಗೆ, ಸ್ವಲ್ಪ ದನಿ ತಗ್ಗಿಸಿ, "ನಮ್ ಹುಡುಗ್ರನ್ನ ಸೇರಿಸ್ಕೊಬುಡ್ತರಾ?"

ನೋಡಿ, ಕರಪತ್ರದಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ಅವ್ವ ಕೇಳದೇ ಇದ್ದ ಹತ್ತು ಪ್ರಶ್ನೆಗಳಿಗೆ ಮಾತ್ರ ವಿವರವಾದ ಉತ್ತರ ಇತ್ತು.

ಇದನ್ನೇ ಯೋಚನೆ ಮಾಡ್ತಾ ಬೆಂಗಳೂರು ಬಸ್ಸಿನಲ್ಲಿ ಕೂತಿದ್ದಾಗ ನೆನಪಾದದ್ದು ಮೋಗ್ಲಿಂಗ್. ನಮಗೆಲ್ಲ ಗೊತ್ತಿರೋ ಹೆಸರೇ. 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಬಾಸೆಲ್ ಮಿಷನ್ನಿನ ಪಾದ್ರಿ. ಅದೇ ದಿನವನ್ನ ಈಗ ಪತ್ರಿಕಾ ದಿನ ಅಂತ ಆಚರಿಸ್ತೀವಿ. ಕಲ್ಲಚ್ಚಿನಲ್ಲಿ ಛಾಪಿಸಿದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ ಹಾಳೆ. ಬೆಲೆ ಒಂದು ದುಡ್ಡು. ಒಬ್ಬ ಮಿಷನರಿ, ಧರ್ಮ ಹೇಳೋದಕ್ಕೇ ಸಮುದ್ರ ದಾಟಿ ಬಂದವನು, ಕೈಗೆ ಒಂದು ಅಚ್ಚುಯಂತ್ರ ಸಿಕ್ಕಿದಾಗ ಏನು ಮಾಡಿದ? ಊರ ವರ್ತಮಾನ ಹಾಕಿದ. ಸರ್ಕಾರದ ಕಾಯಿದೆಗಳು ಏನು ಹೇಳ್ತವೆ ಅಂತ ಹಾಕಿದ. ಬೇರೆ ರಾಜ್ಯಗಳ ಸುದ್ದಿ, ಗಾದೆ, ಕಥೆ, ಹಾಡು ಹಾಕಿದ. 1844ರಲ್ಲಿ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯ್ತು, ಬಹಳ ದಿನ ಬಾಳಲಿಲ್ಲ. ಆದರೂ ಇವತ್ತಿಗೂ ಅದರ ಹೆಸರು ಉಳಿದಿದೆ. ಅದೇ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನ ಸಂಗ್ರಹಿಸಿ ಅಚ್ಚು ಹಾಕಿಸಿದ. ಪುರಂದರದಾಸರ ಹಾಡುಗಳನ್ನ ಮೊದಲು ಪುಸ್ತಕವಾಗಿ ಕಂಡವರಿಗೆ ಅದನ್ನ ಕೊಟ್ಟದ್ದು ಒಂದು ಚರ್ಚಿನ ಅಚ್ಚುಕೂಟ! ಅವನ ಉದ್ದೇಶ ಮತಪ್ರಚಾರವೇ ಆಗಿತ್ತು, ಅದನ್ನ ಮುಚ್ಚಿಡೋದು ಬೇಡ. ಆದರೆ ಜನ ಏನು ಹಾಡ್ತಾರೆ, ಏನು ಕೇಳ್ತಾರೆ ಅಂತ ತಿಳಿಯೋ ಕುತೂಹಲ ಅವನಿಗೆ ನಿಜವಾಗಿಯೂ ಇತ್ತು.

ಕಿಟ್ಟೆಲ್ಲರದ್ದೂ ಇದೇ ದಾರಿ. 1894ರ ನಿಘಂಟು ಎಲ್ಲರಿಗೂ ಗೊತ್ತು, ಸುಮಾರು ಎಪ್ಪತ್ತು ಸಾವಿರ ಪದ. ಅದಕ್ಕೂ ಎಷ್ಟೋ ಮುಂಚೆ, 1862ರಲ್ಲಿ, ಅವರು 'ಕಥಾಮಾಲೆ' ಅಂತ ಯೇಸುವಿನ ಕಥೆಯನ್ನ ಕನ್ನಡದ ಛಂದಸ್ಸಿನಲ್ಲೇ ಬರೆದರು. ಗದುಗಿನ ಭಾರತ, ಜೈಮಿನಿ ಓದಿಸಿ ಕೇಳುವ ಜನಕ್ಕೆ ಯಾವ ಧಾಟಿಯಲ್ಲಿ ಹೇಳಿದರೆ ಕಿವಿಗೆ ಹಿತವಾಗುತ್ತೆ ಅಂತ ಅವರಿಗೆ ತಿಳಿದಿತ್ತು. ನಮ್ಮ ಮೈಸೂರು ಸೀಮೆಯಲ್ಲಿ ಅವರಿಗಿಂತ ಹಿಂದೆ ಓಡಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಕೂಡ ಇಲ್ಲಿಯವರ ಉಡುಪು ಹಾಕಿಕೊಂಡು, ಇಲ್ಲಿಯ ಊಟ ಮಾಡಿಕೊಂಡು ಇದ್ದವನು. ಜನ 'ದೊಡ್ಡ ಸ್ವಾಮಿಯವರು' ಅಂತ ಕರೀತಿದ್ದರಂತೆ. ಅವನು ನಮ್ಮ ಆಚಾರವಿಚಾರದ ಬಗ್ಗೆ ಬರೆದ ಪುಸ್ತಕ ಓದಿದರೆ ಮೈ ಉರಿಯೋ ಜಾಗಗಳೂ ಇವೆ, ಇರಲಿ. ಸಿಡುಬಿಗೆ ದೇವಿ ಹಾಕಿಸೋದಕ್ಕೆ ಜನರನ್ನ ಒಪ್ಪಿಸಿದವರಲ್ಲಿ ಅವನೂ ಒಬ್ಬ. ಹೊಸ ಸೂಜಿ ಚುಚ್ಚಿಸಿಕೊಳ್ಳಿ ಅಂತ ಹಳ್ಳಿಯವರಿಗೆ ಹೇಳಿ ಒಪ್ಪಿಸಬೇಕಾದರೆ ಮಾತು ಎಷ್ಟು ಹದವಾಗಿರಬೇಕು ಯೋಚಿಸಿ.

ಇದೆಲ್ಲ ಹಳೇ ಕಥೆ, ದೊಡ್ಡ ಮಿಷನ್ನುಗಳ ಕಥೆ. ಶೀಟಿನ ಮಾಡಿನ ಚರ್ಚಿಗೆ ಎಲ್ಲಿಯ ಅಚ್ಚುಕೂಟ ಅಂತ ನೀವು ಕೇಳಬಹುದು. ಹಾಗಾದರೆ ನಮ್ಮ ಪಕ್ಕದ ಕನಕಪುರ ತಾಲ್ಲೂಕಿಗೇ ಬನ್ನಿ.

ಕನಕಪುರ ದಾಟಿ ಮುಂದೆ ಅರ್ಕಾವತಿ ಕಡೆ ಹೋದರೆ ಹಾರೋಬೆಲೆ ಸಿಗುತ್ತೆ. ಅಣೆಕಟ್ಟಿನಿಂದ ಹೆಚ್ಚು ಜನಕ್ಕೆ ಆ ಹೆಸರು ಗೊತ್ತು. ಕನ್ನಡ ಮಾತಾಡುವ ಕಥೋಲಿಕರ ಹಳೆಯ ಊರು ಅದು. ಹೊಲ, ರೇಷ್ಮೆ, ರಾಗಿಮುದ್ದೆ ಎಲ್ಲ ನಮ್ಮ ಹಾಗೇ. ಹೆಸರು ಮಾತ್ರ ಚೌರಪ್ಪ, ಇನ್ನಾಸಪ್ಪ, ಆರೋಗ್ಯಪ್ಪ ಅಂತ. ಹೆಸರಿನ ಮುಂದೆ 'ಅಪ್ಪ' ಸೇರಿಸಿಕೊಂಡ ಮೇಲೆ ಸಂತ ಇಗ್ನಾಸಿಯೂ ನಮ್ಮ ಸೀಮೆಯವನೇ ಆಗಿಬಿಡ್ತಾನೆ. ಶುಭ ಶುಕ್ರವಾರಕ್ಕೆ ಅಲ್ಲಿ ಯೇಸುವಿನ ಕಡೆಯ ದಿನಗಳ ನಾಟಕ ಆಡ್ತಾರೆ, 'ಮಹಿಮೆ' ಅಂತ. ನೂರು ವರ್ಷ ದಾಟಿದ ನಾಟಕ, ಊರಿನವರದ್ದೇ ಪಾತ್ರ.

ನಾಟಕ ಅಂದ್ರೆ ನಮ್ಮ ಕಡೆ ಪ್ರಾಣ. ಚನ್ನಪಟ್ಟಣ, ಮದ್ದೂರು, ಕನಕಪುರ ಎಲ್ಲಿ ಹೋದರೂ ಒಂದಲ್ಲ ಒಂದು ಹಳ್ಳಿಯಲ್ಲಿ 'ಕುರುಕ್ಷೇತ್ರ' ಆಡ್ತಾ ಇರ್ತಾರೆ. ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಸೀನರಿ, ದುರ್ಯೋಧನನ ಪಾತ್ರಕ್ಕೆ ಹೆಚ್ಚು ದುಡ್ಡು ಕೊಟ್ಟು ಕಿರೀಟ ಹಾಕಿಕೊಳ್ಳುವ ಜಮೀನ್ದಾರ. ಇಂಥ ಸೀಮೆಯಲ್ಲಿ ಒಂದು ಚರ್ಚಿನ ಊರು ತನ್ನ ದೇವರ ಕಥೆಯನ್ನ ರಂಗದ ಮೇಲೆ ತಂದರೆ ಪಕ್ಕದ ಊರಿನವನಿಗೆ ಅದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ಚಾಪೆ ಹಿಡಿದುಕೊಂಡು ಬಂದು ಕೂತು, ಪಿಲಾತನ ಪಾತ್ರಧಾರಿ ಮಾತು ಮರೆತರೆ ನಗ್ತಾನೆ, ತಾಯಿ ಅತ್ತರೆ ಕಣ್ಣೊರೆಸಿಕೊಳ್ತಾನೆ. ಬಂದವನನ್ನ ಯಾರೂ ಪಾಪಿ ಅಂತ ಕರೆಯಲ್ಲ, ಹೆಸರು ಬರೆದುಕೊಳ್ಳಲ್ಲ. ನೋಡಿಕೊಂಡು ಮನೆಗೆ ಹೋಗಬಹುದು.

ಹೀಗಿದ್ದ ಕಡೆಯೇ 2019ರ ಡಿಸೆಂಬರ್ 25ಕ್ಕೆ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಅಡಿಗಲ್ಲು ಬಿತ್ತು. ಕನಕಪುರದ ಶಾಸಕರಾಗಿದ್ದ ಡಿ.ಕೆ. ಶಿವಕುಮಾರ್ ಅಡಿಗಲ್ಲು ಹಾಕಿದರು. ಮುಂದಿನದು ನಿಮಗೆ ನೆನಪಿರಬಹುದು. 2020ರ ಜನವರಿ 13ಕ್ಕೆ 'ಕನಕಪುರ ಚಲೋ' ನಡೆಯಿತು, ಟೀವಿ ತುಂಬಾ ಅದೇ. ಜಮೀನು ಯಾರದ್ದು, ಯಾರು ಕೊಟ್ಟರು, ಬೆಟ್ಟದ ಹಳೇ ಹೆಸರೇನು ಅಂತ ದಿನಗಟ್ಟಲೆ ಚರ್ಚೆ. ಪ್ರತಿಮೆ ಬೇಕಿತ್ತೋ ಬೇಡವಾಗಿತ್ತೋ, ಆ ವಾದಕ್ಕೆ ನಾನು ಇಳಿಯೋದಿಲ್ಲ. ನನ್ನನ್ನ ಕಾಡಿದ್ದು ಬೇರೆ. ಅಷ್ಟು ದಿನ ಮಾತಾಡಿದವರೆಲ್ಲ ಬೆಂಗಳೂರಿನವರು. ಎರಡೂ ಕಡೆಯ ನಾಯಕರು, ವಕ್ತಾರರು, ಆ್ಯಂಕರುಗಳು. ತಲೆಮಾರುಗಳಿಂದ ಆ ಬೆಟ್ಟಕ್ಕೆ ಶಿಲುಬೆ ಹೊತ್ತು ಹತ್ತಿದ ಹಾರೋಬೆಲೆಯ ಮುದುಕರ ಮಾತಾಗಲಿ, ಪಕ್ಕದ ಊರಿನಿಂದ ನಾಟಕಕ್ಕೆ ಬಂದು ಕೂರುತ್ತಿದ್ದವರ ಮಾತಾಗಲಿ ನನಗಂತೂ ಕೇಳಿಸಲಿಲ್ಲ. ನಾಟಕವಾದರೆ ಊರಿನವರೇ ಹೇಳುವ ಮಾತು. ಪ್ರತಿಮೆ ಬಂದ ಕೂಡಲೇ ಆ ಮಾತು ಅವರ ಕೈ ತಪ್ಪಿ ದೊಡ್ಡವರ ಕೈಗೆ ಹೋಯಿತು. ಒಂದು ಚರ್ಚು ತನ್ನ ಊರಿನ ಜೊತೆ ತಾನೇ ಮಾತಾಡದೆ ಯಾರೋ ದೊಡ್ಡವರ ಬಾಯಿಂದ ಮಾತಾಡಿಸಿದರೆ, ಎದುರುಗಡೆಯಿಂದ ಉತ್ತರ ಕೊಡೋದಕ್ಕೂ ದೊಡ್ಡವರೇ ಬರ್ತಾರೆ ಅಂತ ನನಗನ್ನಿಸಿತು.

ಕರಪತ್ರ, ಕಿರುಹೊತ್ತಿಗೆಗಳ ಕಥೆ ಇನ್ನೂ ಕಹಿ. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಯಾದಾಗ, ದಾಳಿ ಮಾಡಿದವರ ಕಡೆಯವರು ಮುಂದೆ ಹಿಡಿದದ್ದು 'ಸತ್ಯದರ್ಶಿನಿ' ಅನ್ನೋ ಕನ್ನಡ ಪುಸ್ತಕವನ್ನ, ಅದರಲ್ಲಿ ಹಿಂದೂ ದೇವರುಗಳ ನಿಂದೆ ಇದೆ ಅಂತ. ಪುಸ್ತಕದ ನೆಪ ಹೇಳಿ ಪ್ರಾರ್ಥನೆಗೆ ಕೂತವರನ್ನ ಹೊಡೆಯೋದು, ಗಾಜು ಒಡೆಯೋದು ಯಾವ ನ್ಯಾಯಕ್ಕೂ ಸಲ್ಲದು. ಆ ಪುಸ್ತಕಕ್ಕೆ ಸಂಬಂಧವೇ ಇಲ್ಲದ ಚರ್ಚುಗಳಿಗೂ, ಸನ್ಯಾಸಿನಿಯರ ಮಠಕ್ಕೂ ಪೆಟ್ಟು ಬಿತ್ತು. ಆದರೆ ಎದುರಿನವನ ದೇವರು ಸುಳ್ಳು ಅಂತ ಶುರು ಮಾಡಿದ ಮಾತನ್ನ ಯಾರು ಕೇಳ್ತಾರೆ? ನಮ್ಮ ಮಾರಮ್ಮನ ಬಗ್ಗೆ ಯಾರಾದರೂ ಹಾಗೆ ಬರೆದು ನಮ್ಮ ಬಾಗಿಲಿಗೆ ಸಿಕ್ಕಿಸಿ ಹೋದರೆ ಅವ್ವ ಅದನ್ನ ಒಲೆಗೆ ಹಾಕುತ್ತೆ, ಆಮೇಲೆ ಆ ಮನೆಯವರಿಗೆ ಮಜ್ಜಿಗೆ ಕೊಡೋದನ್ನೂ ನಿಲ್ಲಿಸುತ್ತೆ. ಹೊಡೆದಾಟದ ಸುದ್ದಿ ಪೇಪರಿಗೆ ಬರುತ್ತೆ, ಮಜ್ಜಿಗೆ ನಿಂತ ಸುದ್ದಿ ಬರಲ್ಲ.

ಮೈಕಿನ ವಿಷಯವೂ ಅಷ್ಟೇ. ಕಾನೂನು ಏನೋ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಇದನ್ನ ಯಾವ ದೇವರೂ ಪಾಲಿಸೋದಿಲ್ಲ ಬಿಡಿ, ಗಣೇಶನ ಮುಂದೆ ಡೀಜೆ ಹಾಕಿದರೆ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಳ್ಳುತ್ತೆ. ಆದರೂ ಮೂವತ್ತು ಜನ ಇರುವ ಒಂದು ಕೋಣೆಗೆ ಮೈಕು ಯಾಕೆ ಅಂತ ನಾನು ಪಾಸ್ಟರನ್ನ ಕೇಳಿದೆ. "ಹೊರಗಿನವರಿಗೂ ಕೇಳಲಿ ಅಂತ" ಅಂದರು. ಹೊರಗಿನವರಿಗೆ ಅದರಲ್ಲಿ ಕೇಳಿಸಿದ್ದು ಅವ್ವ ಹೇಳಿದ ಆ ಅಳುವ ಸದ್ದು ಮಾತ್ರ. ಹಾರೈಸಿ ಪ್ರಾರ್ಥನೆ ಮಾಡುವಾಗ ಅವರು ಅಳ್ತಾರೆ, ಅದು ಅವರ ಪದ್ಧತಿ, ತಪ್ಪಿಲ್ಲ. ಗೋಡೆಯಾಚೆ ನಿಂತವನಿಗೆ ಮಾತ್ರ ಒಳಗೆ ಯಾರನ್ನೋ ಹೊಡೀತಿದ್ದಾರೆ ಅನ್ನಿಸುತ್ತೆ. ಈಗ ಮೈಕು ತೆಗೆದಿದ್ದಾರೆ, ಬಾಗಿಲು ತೆಗೆದಿಡ್ತಾರೆ. ಎರಡನೆಯದು ನನ್ನ ಸಲಹೆಯಲ್ಲ, ಗೆಳೆಯನ ಹೆಂಡತಿಯದು. "ಸೆಕೆ ಸಾರ್ ಒಳಗೆ" ಅಂದಳು ಅಷ್ಟೇ.

ಕರಪತ್ರ ಕೊನೆಗೆ ಆರು ಸಾಲಾಯ್ತು. ನಾವು ಇಂಥಿಂಥ ಮನೆಯವರು, ಭಾನುವಾರ ಇಷ್ಟು ಹೊತ್ತಿಗೆ ಹಾಡಿ ಪ್ರಾರ್ಥನೆ ಮಾಡುತ್ತೇವೆ, ಕ್ರಿಸ್ಮಸ್ ದಿನ ಸಂಜೆ ಕಾಫಿ ಕೇಕು ಇದೆ, ಮಕ್ಕಳನ್ನ ಕಳಿಸುವುದಾದರೆ ನೀವೂ ಜೊತೆಗೆ ಬನ್ನಿ, ಖರ್ಚು ನಾವೇ ಮನೆಮನೆಯಿಂದ ಹಾಕಿಕೊಳ್ಳುತ್ತೇವೆ. ಕೊನೆಗೆ ಫೋನ್ ನಂಬರು. "ಬೈಬಲ್ ವಾಕ್ಯ ಒಂದೂ ಬೇಡವಾ?" ಅಂತ ಪಾಸ್ಟರಿಗೆ ತುಂಬಾ ಬೇಜಾರು. ಒಂದು ವಾಕ್ಯ ಹಾಕಿಸಿದರು, ಅವರ ಚರ್ಚು, ಅವರ ಹಕ್ಕು. 'ನೀವೂ ಜೊತೆಗೆ ಬನ್ನಿ' ಅನ್ನೋ ಸಾಲಿಗೆ ಮಾತ್ರ ನಾನು ಹಟ ಹಿಡಿದಿದ್ದೆ. ಮತಾಂತರದ ಭಯಕ್ಕೆ ಅದಕ್ಕಿಂತ ನೇರವಾದ ಉತ್ತರ ನನಗೆ ಹೊಳೆಯಲಿಲ್ಲ. ಹಂಚಿದ್ದು ಗೆಳೆಯ, ಮನೆಮನೆಗೆ ಹೋಗಿ. ಬಾಗಿಲಿಗೆ ಸಿಕ್ಕಿಸಿ ಬರಲಿಲ್ಲ. ಕ್ರಿಸ್ಮಸ್ಸಿಗೆ ಹೊರಗಿನವರು ಎಷ್ಟು ಜನ ಬಂದರು ಅಂತೀರಾ? ನಾಲ್ಕು. ಅದರಲ್ಲಿ ಇಬ್ಬರು ಕೇಕಿನ ಆಸೆಗೆ ಬಂದ ಹುಡುಗರು.

ನಿಜವಾದ ಪರೀಕ್ಷೆ ಬಂದದ್ದು ಬೇಸಿಗೆಯಲ್ಲಿ. ಆ ಚರ್ಚಿನ ಒಬ್ಬ ಅಜ್ಜಿ ತೀರಿಕೊಂಡಿತು. ನಮ್ಮ ಕಡೆ ಜಮೀನಿದ್ದವರು ತಮ್ಮ ಹೊಲದಲ್ಲೋ ತೋಟದಲ್ಲೋ ಮಣ್ಣು ಮಾಡ್ತಾರೆ. ಜಮೀನಿಲ್ಲದವರ ಪಾಡು ಯಾವ ಜಾತಿ ಧರ್ಮವಾದರೂ ಒಂದೇ, ಊರ ಸ್ಮಶಾನ ಇದ್ದರೆ ಉಂಟು, ಇಲ್ಲಾಂದ್ರೆ ಕೆರೆ ಅಂಗಳ, ರಸ್ತೆ ಬದಿ. ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಅಂತ ಹೈಕೋರ್ಟು 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು. ಅಜ್ಜಿಗೆ ಗೇಣು ಜಾಗ ಇರಲಿಲ್ಲ. ಪಟ್ಟಣದ ಕ್ರೈಸ್ತ ಸ್ಮಶಾನ ಬೇರೆ ಪಂಗಡದ್ದು, ಅಲ್ಲಿ ಕೇಳಿದರೆ ಆಗೋಲ್ಲ ಅಂದರಂತೆ. ಊರ ಸ್ಮಶಾನಕ್ಕೆ ಕೊಂಡೊಯ್ಯಬೇಕಾದರೆ ಊರಿನವರು ಒಪ್ಪಬೇಕು. ಹೆಣ ಮನೆಯಲ್ಲಿ, ಬಿಸಿಲು ನೆತ್ತಿಯ ಮೇಲೆ.

ಪಾಸ್ಟರ್ ಪೊಲೀಸಿಗೆ ಫೋನ್ ಮಾಡಲಿಲ್ಲ, ಮೇಲಿನ ಯಾವ ಮುಖಂಡರಿಗೂ ಮಾಡಲಿಲ್ಲ. ಗೆಳೆಯನನ್ನ ಕರೆದುಕೊಂಡು ಊರ ಯಜಮಾನರ ಮನೆಗೆ ಹೋಗಿ, ಹೊರಗೆ ಜಗಲಿ ಕೆಳಗೆ ನಿಂತು ಕೇಳಿದರಂತೆ, "ಯಜಮಾನ್ರೇ, ಅಜ್ಜಿ ಇದೇ ಊರಲ್ಲಿ ಹುಟ್ಟಿದ್ದು. ಎಲ್ಲಿಗೆ ಕರ್ಕೊಂಡು ಹೋಗೋಣ ಹೇಳಿ." ಅಲ್ಲಿದ್ದವರಲ್ಲಿ ಒಬ್ಬ ಹುಡುಗ, ಹಣೆ ತುಂಬ ಕುಂಕುಮ ಇಟ್ಟುಕೊಂಡವನು, ಆಗೋದೇ ಇಲ್ಲ ಅಂದನಂತೆ. ಯಜಮಾನರು ತುಂಬಾ ಹೊತ್ತು ಸುಮ್ಮನಿದ್ದು, "ನನ್ ಮದ್ವೇಲಿ ಸೋಬಾನೆ ಯೋಳಿದ್ದು ಅವ್ಳು ಕಣ್ಲಾ" ಅಂದರಂತೆ. ಆಮೇಲೆ ಒಂದು ಷರತ್ತು. ಮಣ್ಣು ಮಾಡಿ, ಪ್ರಾರ್ಥನೆ ಮಾಡಿ, ಆದರೆ ಸಿಮೆಂಟಿನ ಶಿಲುಬೆ ಕಟ್ಟಬೇಡಿ.

ಗೆಳೆಯನಿಗೆ ಆ ಷರತ್ತು ಇನ್ನೂ ಚುಚ್ಚುತ್ತೆ. "ಜಾಗ ಕೊಟ್ಟರು, ಗುರುತು ಕೊಡಲಿಲ್ಲ" ಅಂತಾನೆ. ನನಗೂ ಅದು ಸರಿ ಅನ್ನಿಸೋಲ್ಲ. ಆದರೆ ಪಾಸ್ಟರ್ ಅವತ್ತು ಒಪ್ಪಿಕೊಂಡರು, ಮೂರು ಗಂಟೆಯೊಳಗೆ ಅಜ್ಜಿ ಮಣ್ಣಾಯಿತು. ಗುಂಡಿ ತೆಗೆಯೋಕೆ ಬಂದವರಲ್ಲಿ ಅರ್ಧ ಜನ ಚರ್ಚಿನವರಲ್ಲ. ಈಗ ತಮ್ಮವರಿಗೆ ಸ್ವಲ್ಪ ಜಾಗ ಬೇಕು ಅಂತ ತಹಸೀಲ್ದಾರರಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಅದನ್ನ ಮಾತ್ರ ನಾನೇ ಬರೆದೆ. ಅರ್ಜಿ ಎಲ್ಲಿದೆ ಅಂತ ಕೇಳಿದಾಗಲೆಲ್ಲ ಸರ್ವೆಗೆ ಹೋಗಿದೆ ಅಂತಾರೆ.

ಅವತ್ತು ಅವ್ವನೂ ಹೋಗಿತ್ತು, ಅಜ್ಜಿಯ ಪರಿಚಯ ಅದಕ್ಕೂ ಇತ್ತು. ವಾಪಸು ಬರುವಾಗ ಪಾಸ್ಟರನ್ನ ತಡೆದು "ತಿಥಿ ಯಾವತ್ತಪ್ಪ?" ಅಂತ ಕೇಳಿತಂತೆ. ಅವರು, ನಮ್ಮಲ್ಲಿ ತಿಥಿ ಇಲ್ಲಮ್ಮ, ಸ್ಮರಣೆಯ ಪ್ರಾರ್ಥನೆ ಅಂತ ಮಾಡ್ತೀವಿ, ಮೃತರ ಆತ್ಮ ಈಗಾಗಲೇ ಅಂತ ಏನೋ ವಿವರಿಸೋಕೆ ಹೊರಟರಂತೆ.

"ಅದ್ಕೆ ಏನಾರ ಹೆಸ್ರಿಟ್ಕೊ" ಅಂದಿತಂತೆ ಅವ್ವ. "ಯಾವತ್ತು, ಎಷ್ಟೊತ್ಗೆ ಅಂತ ಯೋಳು. ಒಂದ್ ಸೇರು ಅಕ್ಕಿ ತಂದ್ಕೊಡ್ಬೇಕು."